ಹೆಂಡತಿಗೆ ಐದು, ಮಗಳಿಗೆ ಐದು

ಅಲಾಸ್ಕಾದ ನಮ್ಮೂರಿಗೆ ರಸ್ತೆಯಿಲ್ಲ. ಪೇಟೆಗೆ ಹೋಗಬೇಕೆಂದರೆ ಪುಟ್ಟ ವಿಮಾನವೇ ಗತಿ. ನದಿದಂಡೆಯ ಜಲ್ಲಿನೆಲವೇ ನಮ್ಮ ನಿಲ್ದಾಣ. ಕಳೆದ ವಾರ ನಮ್ಮ ನೆರೆಯ ಡ್ವೇನ್ ಇಳಿಸಿದ ವಿಮಾನ ಜಲ್ಲಿ ಮುಗಿದರೂ ನಿಲ್ಲದೆ ಪೊದೆಗೆ ನುಗ್ಗಿತು. ಪುಣ್ಯಕ್ಕೆ ಒಬ್ಬನೇ ಇದ್ದ, ಪೆಟ್ಟಾಗಲಿಲ್ಲ.

ಶನಿವಾರ ಅವನು ಪೇಟೆಯ ಆಸ್ಪತ್ರೆಯಿಂದ ಹೆರಿಗೆಯಾದ ಮಗಳನ್ನೂ ಅವಳ ಹಸುಗೂಸನ್ನೂ ಕರೆತರಬೇಕಿತ್ತು. ಹೆಂಡತಿ ನೋರೀನ್ ಅಡ್ಡ ನಿಂತಳು.

"ಪೊದೆಗೆ ನುಗ್ಗೋದಾದ್ರೆ ನೀನೊಬ್ಬನೇ ನುಗ್ಗು. ನನ್ನ ಮೊಮ್ಮಗೂನ ಹತ್ತಿಸ್ಬೇಡ."

"ನಿಮ್ಮ ಮೇಲಿನ ಪ್ರೀತಿಗೇ ಕಣೇ ಜೋರಾಗಿ ಬರೋದು! ನಿಧಾನ ಆದ್ರೆ ವಿಮಾನ ಬಿದ್ದುಹೋಗುತ್ತೆ. ನಮ್ಮಪ್ಪ ಹೇಳಿಕೊಟ್ಟಿದ್ದು: ವಿಮಾನದ ಕೈಪಿಡೀಲಿರೋ ಇಳಿಯೋ ವೇಗಕ್ಕೆ ಹೆಂಡತಿಗೆ ಅಂತ ಗಂಟೆಗೆ ಐದು ಮೈಲಿ, ಮಗಳಿಗೆ ಅಂತ ಐದು ಮೈಲಿ ಸೇರಿಸು. ಈಗ ಮಗೂಗೆ ಇನ್ನೈದು."

ನಮ್ಮ ಕಡೆ ಸುಮಾರು ಜನ ಹೀಗೇ ಇಳಿಸುತ್ತಾರೆ. ನನಗಂತೂ ಕೇಳಿ ಕೇಳಿ ರೇಗಿಹೋಗಿದೆ.

ಪಕ್ಕದ ಮನೆಯ ಇಂಗ್ರಿಡ್ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ವಿಮಾನ ಕಲಿಸುವುದು ಅವಳ ಕೆಲಸ. ಕೇಳಿಸಿಕೊಂಡು ನಕ್ಕಳು.

"ಹತ್ತು ಮಕ್ಕಳಿದ್ದಿದ್ರೆ ನೀನು ಸೀದಾ ನದಿಗೇ ಇಳಿಸ್ತಿದ್ದೆ ಬಿಡು! ನೋಡಪ್ಪಾ, ಎತ್ತರ, ವೇಗ, ಎರಡೂ ವಿಮಾನದ ಶಕ್ತೀನೇ. ನೆಲ ಮುಟ್ಟೋ ಹೊತ್ತಿಗೆ ಅದು ಕರಗಿರ್ಬೇಕು. ಇಲ್ದಿದ್ರೆ ವಿಮಾನ ತೇಲ್ತಾನೇ ಇರುತ್ತೆ, ಕೆಳಗೆ ಜಲ್ಲಿ ಮುಗಿದುಹೋಗುತ್ತೆ."

"ಎತ್ತರ ಜಾಸ್ತಿಯಿದ್ರೆ ಮೂತಿ ಬಗ್ಗಿಸಿದ್ರಾಯ್ತು" ಎಂದ ಡ್ವೇನ್.

"ಅಲ್ಲೇ ನೀನು ಎಡವೋದು! ಬಗ್ಗಿಸಿದ್ರೆ ಎತ್ತರ ಹೋಗಿ ವೇಗ ಆಗುತ್ತೆ. ಶಕ್ತಿ ಎಲ್ಲಿ ಕರಗ್ತು? ದೂರದಿಂದಲೇ ಎಂಜಿನ್ ತಗ್ಗಿಸ್ಕೊಂಡು ಬಾ. ಬೀಳದೇ ಇರೋಕೆ ಎಷ್ಟು ಬೇಕೋ ಅಷ್ಟು ಕೈಪಿಡೀಲೇ ಸೇರಿಸಿರ್ತಾರೆ. ಗಾಳಿ ಬೀಸಿ ಬೀಸಿ ಹೊಡೀತಿದ್ರೆ ಸ್ವಲ್ಪ ಸೇರಿಸು, ಪ್ರೀತಿಗೆ ಸೇರಿಸ್ಬೇಡ. ಸರಿ ಅನ್ನಿಸ್ಲಿಲ್ವಾ, ಎಂಜಿನ್ ಜೋರು ಮಾಡಿ ಮೇಲೆದ್ದು ಇನ್ನೊಂದು ಸುತ್ತು ಹಾಕು."

"ಊರೋರು ನಗ್ತಾರೆ."

"ಪೊದೆಯಿಂದ ಎಳೆಯೋವಾಗ ನಗ್ಲಿಲ್ವಾ?" ಎಂದಳು ನೋರೀನ್.

ಮರುದಿನದಿಂದ ಇಂಗ್ರಿಡ್ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದಳು. ಶನಿವಾರ ನಾವೆಲ್ಲ ದಂಡೆಯಲ್ಲಿ ಕಾದಿದ್ದೆವು. ವಿಮಾನ ಬಂತು, ಹಳೇ ಚಾಳಿಯಂತೆ ಜೋರಾಗಿಯೇ. ನೋರೀನ್ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಎಂಜಿನ್ ಮೊರೆಯಿತು. ವಿಮಾನ ನೆಲ ಮುಟ್ಟದೆ ಮೇಲೆದ್ದು ಹೋಯಿತು. ಯಾರೂ ನಗಲಿಲ್ಲ. ಎರಡನೇ ಸಲ ತಗ್ಗಿದ ವೇಗದಲ್ಲಿ ಇಳಿದು, ಅರ್ಧ ಜಲ್ಲಿ ಉಳಿದಿರುವಾಗಲೇ ನಿಂತಿತು.

ಮಗುವನ್ನು ಎದೆಗೊತ್ತಿಕೊಂಡು ನೋರೀನ್ ಕೇಳಿದಳು, "ನನ್ನ ಐದು ಮೈಲಿ ಎಲ್ಲಪ್ಪಾ?"

"ಇನ್ನೊಂದು ಸುತ್ತು ಹಾಕಿದ್ನಲ್ಲ, ಅದೇ ನಿಂದು" ಎಂದ ಡ್ವೇನ್.

ವಿಮಾನ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಕೈಪಿಡಿಯ ವೇಗಕ್ಕೆ ಬದ್ಧರಾಗಿರಿ. ಅದಕ್ಕಿಂತ ಕಡಿಮೆಯೂ ಬೇಡ, ಪ್ರೀತಿಯ ಹೆಸರಲ್ಲಿ ಹೆಚ್ಚೂ ಬೇಡ. ಅನುಮಾನ ಬಂದರೆ ನಾಚದೆ ಮೇಲೇಳಿ. ದಂಡೆಯಲ್ಲಿ ನಿಂತವರು ಇನ್ನೊಂದು ಸುತ್ತಿನಷ್ಟು ಹೊತ್ತು ಕಾಯುತ್ತಾರೆ.