ನೀರಿಲ್ಲದೆ ಸುರಿದ ರಿಂಗು

ಕಾರ್ಖಾನೆಯ ಗೋಪುರದಂಥ ಉಕ್ಕಿನ ಕೊಳವೆ, ಆ ಕಾಲಮ್ಮಿನ ಕೆಳಬಾಗಿಲು ಬಿಚ್ಚಿದ್ದೇ ತಡ, ಕಪ್ಪು ರಾಡಿ ಬಳಬಳನೆ ಸುರಿದು ಕೊಳೆತ ಮೊಟ್ಟೆಯ ನಾತ ಶೆಡ್ಡನ್ನೆಲ್ಲ ತುಂಬಿತು. ಬೋಲ್ಟು ಬಿಚ್ಚಿದ ಫಿಟ್ಟರ್ ಹಿಂದೆ ಸರಿದ. ರಾಡಿಯ ಜೊತೆ ಬಂದ ಪಿಂಗಾಣಿ ರಿಂಗುಗಳಲ್ಲಿ ಇಡಿಯಾಗಿ ಉಳಿದದ್ದು ಅಲ್ಲೊಂದು ಇಲ್ಲೊಂದು. ಹೆಬ್ಬೆರಳು ಗಾತ್ರದ ಆ ಟೊಳ್ಳು ರಿಂಗುಗಳ ಸಂದಿಯಲ್ಲಿ ಆವಿ ಮೇಲೇರಬೇಕು, ದ್ರವ ಕೆಳಗಿಳಿಯಬೇಕು. ಚೂರು ಕಟ್ಟಿಕೊಂಡು ಎರಡೂ ನಿಂತುಹೋಗಿದ್ದವು.

ಯಾಕೆ ಒಡೆದವೆಂದು ಅವನಿಗೆ ಗೊತ್ತಿತ್ತು. ಕಾಲಮ್ಮಿಗೆ ಮೊದಲು ನೀರು ತುಂಬಿಸಿ, ಆಮೇಲೆ ಮೇಲಿನಿಂದ ರಿಂಗು ಸುರಿಯುವುದು ಪದ್ಧತಿ. ನೀರಿನಲ್ಲಿ ಅವು ಮೆಲ್ಲಗೆ ಇಳಿಯುತ್ತವೆ. ಸೂಪರ್‌ವೈಸರನಿಗೆ ಅಷ್ಟು ಪುರಸೊತ್ತೆಲ್ಲಿ? ಒಣ ಕಾಲಮ್ಮಿಗೇ ಮೂಟೆಗಟ್ಟಲೆ ಸುರಿಸಿದ. ಸುರಿದವನು ಫಿಟ್ಟರ್. ಸೂಪರ್‌ವೈಸರ್ ಅವನ ಅಕ್ಕನ ಗಂಡ. ಈ ಕೆಲಸ ಕೊಡಿಸಿದವನು, ಅದನ್ನು ದಿನಾ ನೆನಪಿಸುವವನು ಕೂಡ.

ಈಗ ಅದೇ ಭಾವ, ರಿಂಗುಗಳನ್ನೇ ಸರಿಯಾಗಿ ಸುಟ್ಟಿಲ್ಲ ಎಂದು ಮ್ಯಾನೇಜರರಿಗೆ ಹೇಳಿ ಕೈ ತೊಳೆದುಕೊಂಡಿದ್ದ. ರಿಂಗು ಮಾಡಿ ಸುಟ್ಟುಕೊಟ್ಟ ಗೂಡಿನ ಹೆಂಗಸನ್ನು ಕರೆಸಿದ್ದರು. ಗೂಡು ಅವಳ ತಂದೆಯದು. ಬೆಂಕಿಯ ಬಣ್ಣ ನೋಡಿಯೇ ಹದ ಹೇಳುವ ಮುದುಕ. ಗೂಡು ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ.

ಭಾವ ಮೂಗು ಮುಚ್ಚಿಕೊಂಡು ದೂರ ನಿಂತ. ಅವಳು ತೋಳಿನ ಬಟ್ಟೆ ಮೇಲಕ್ಕೆ ಮಡಚಿ ರಾಡಿಗೇ ಕೈ ಹಾಕಿ, ಚೂರುಗಳನ್ನು ಹೆಕ್ಕಿ ಉಜ್ಜಿ ನೋಡಿದಳು. ನೀರು ತುಂಬಿಸಿಯೇ ಸುರಿದಿರಾ ಎಂದು ಕೇಳಿದಳು.

"ಮೇಲೆ ನಿಂತು ಸುರಿದೋನು ಇವ್ನೇ. ಇವ್ನನ್ನೇ ಕೇಳಿ," ಎಂದ ಭಾವ.

ಎಂಥ ಹೇಸಿಗೆ ಮನುಷ್ಯ! ಅದೇ ರಾಡಿಯನ್ನು ಬಾಚಿ ಅವನ ಮುಖಕ್ಕೆ ಎರಚಬೇಕೆನಿಸಿತು ಫಿಟ್ಟರನಿಗೆ. ಆದರೆ ಇಲ್ಲಿ ಆದ ಅವಮಾನವನ್ನು ಭಾವ ಮನೆಯಲ್ಲಿ ಯಾರ ಮೇಲೆ ತೀರಿಸಿಕೊಳ್ಳುತ್ತಾನೆಂದು ಅವನಿಗೆ ಗೊತ್ತಿತ್ತು. ಅಕ್ಕನ ಮುಖ ಕಣ್ಣ ಮುಂದೆ ಬಂತು.

"ತುಂಬಿಸಿದ್ವಿ," ಎಂದ.

ಅವಳು ಜಗಳಕ್ಕೆ ನಿಲ್ಲುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ನಂಬಿಬಿಟ್ಟಳು.

"ಹಾಗಾದ್ರೆ ನಮ್ದೇ ತಪ್ಪು. ಅಪ್ಪಂಗೆ ಈಚೆಗೆ ಕಣ್ಣು ಮಂಜಾಗ್ತಿದೆ ಅಂತ ನಂಗೆ ಅನುಮಾನ ಇತ್ತು. ಇನ್ಮೇಲೆ ಗೂಡಿನ ಹತ್ರ ಬರ್ಬೇಡ ಅಂತ ಹೇಳ್ಬಿಡ್ತೀನಿ."

ನಾಲ್ಕಾರು ಚೂರು ಕೈಯಲ್ಲಿ ಹಿಡಿದು ಅವಳು ಹೊರಟಳು. ಭಾವ ಹತ್ತಿರ ಬಂದು ಫಿಟ್ಟರನ ಬೆನ್ನು ತಟ್ಟಿದ. ಫಿಟ್ಟರ್ ಗೇಟಿನ ಕಡೆ ನೋಡಿದ.

ಗೇಟಿನ ಪಕ್ಕದ ನಲ್ಲಿಯ ಕೆಳಗೆ ಅವಳು ಒಂದು ಚೂರನ್ನು ತೊಳೆದಳು. ಸುಟ್ಟ ಹದ ಎಲ್ಲಿ ತಪ್ಪಿದೆಯೆಂದು ಬಿಸಿಲಿಗೆ ಹಿಡಿದು ಹುಡುಕಿದಳು. ಮತ್ತೆ ತೊಳೆದಳು.