ಟ್ಯಾಂಕಿನ ಹಿಂದಿನ ಬೀದಿ

ಹೆರಿಗೆ ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ ನಗರಸಭೆ ಚುನಾವಣೆಗೆ ನಿಂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ವಾರ್ಡಿನ ಅರ್ಧಕ್ಕರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. "ಹುಟ್ಟುತ್ಲೇ ನನ್ನ ಮುಖ ನೋಡಿದೋರೆಲ್ಲ ವೋಟು ಹಾಕಿದ್ರೆ ಸಾಕು, ಪ್ರಚಾರವೇ ಬೇಡ" ಎಂದು ನಗುತ್ತಿದ್ದಳು.

ಆದರೆ ನೀರಿನ ಟ್ಯಾಂಕಿನ ಹಿಂದಿನ ಬೀದಿಗೆ ಮಾತ್ರ ಅವಳ ಕಾಲು ಏಳಲಿಲ್ಲ. ಅಲ್ಲಿ ಮಗಳ ಮನೆಯಿತ್ತು. ಮಗಳ ಚೊಚ್ಚಲ ಹೆರಿಗೆಯ ದಿನ ಅಳಿಯ ಮನೆಯಿಂದ ಮತ್ತೆ ಮತ್ತೆ ಫೋನು ಮಾಡಿದ್ದ. ಬೇರೊಬ್ಬಳ ಕಷ್ಟದ ಹೆರಿಗೆಯಲ್ಲಿ ಮುಳುಗಿದ್ದ ನರ್ಸಮ್ಮ, "ಚೊಚ್ಚಲು ಅಂದ್ರೆ ಹಾಗೇ, ಇನ್ನೂ ಹೊತ್ತಿದೆ, ಇದು ಮುಗಿಸಿ ಬರ್ತೀನಿ" ಎಂದಿದ್ದಳು. ಹೋಗುವಷ್ಟರಲ್ಲಿ ಕೂಸು ಉಳಿದಿರಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಮುಖ ತಿರುಗಿಸಿದ ಮಗಳು ಮತ್ತೆ ಮಾತಾಡಿರಲಿಲ್ಲ. ಆಮೇಲೆ ಮೊಮ್ಮಗಳು ಹುಟ್ಟಿದ ಸುದ್ದಿಯೂ ಅಜ್ಜಿಗೆ ತಲುಪಿದ್ದು ತರಕಾರಿ ಮಾರುವವಳ ಬಾಯಿಂದ.

"ಆ ಬೀದಿ ಬಿಟ್ರೆ ಸೋಲು ಗ್ಯಾರಂಟಿ, ಅಕ್ಕ" ಎಂದು ಪ್ರಚಾರಕ್ಕೆ ಜೊತೆಯಾಗಿದ್ದ ಆಟೋದವನು ಪಟ್ಟು ಹಿಡಿದ. ಹೋದರು.

ಬಾಗಿಲು ತೆರೆದವಳು ಮಗಳೇ. ಬಾಯಿಪಾಠವಾಗಿದ್ದ ಮಾತೆಲ್ಲ ನರ್ಸಮ್ಮನಿಗೆ ಮರೆತೇಹೋಯಿತು.

"ಚೆನ್ನಾಗಿದೀಯೇನೇ?"

"ಚೀಟಿ ಕೊಟ್ಟು ಹೋಗಿ. ಯೋಚ್ನೆ ಮಾಡ್ತೀವಿ."

ಅವಳ ಹಿಂದಿನಿಂದ ಪುಟ್ಟ ಹುಡುಗಿ ಇಣುಕಿದಳು. "ಯಾರಮ್ಮಾ ಇವರು?"

"ವೋಟು ಕೇಳೋರು, ಕಂದ."

ನರ್ಸಮ್ಮ ಮಗುವಿನ ಕೆನ್ನೆಗೆಂದು ಕೈ ಚಾಚುವಷ್ಟರಲ್ಲಿ ಬಾಗಿಲು ಮುಚ್ಚಿತು.

ಅವಳು ಗೆದ್ದಳು, ಭಾರಿ ಅಂತರದಿಂದ. ಬೇಸಿಗೆ ಬಂತು, ಅವಳ ಕಚೇರಿಯೆದುರು ದೂರು ಹೇಳುವವರ ಸಾಲು ಬೆಳೆಯಿತು. ಒಂದು ದಿನ ಆ ಸಾಲಿನಲ್ಲಿ ಮಗಳೂ ಇದ್ದಳು. ಸರದಿ ಬಂದಾಗ ಕುರ್ಚಿಯಿದ್ದರೂ ಕೂರಲಿಲ್ಲ.

"ಮೇಡಂ, ನಮ್ಮ ಬೀದೀಲಿ ವಾರದಿಂದ ನೀರಿಲ್ಲ."

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಅವತ್ತು ನಾನು ಎಲ್ಲ ಬಿಟ್ಟು ಬರಬೇಕಿತ್ತು ಕಣೇ..."

ಮಗಳು ಗೋಡೆಯತ್ತ ನೋಡಿದಳು. "ಬರಬೇಕಿತ್ತು" ಎಂದಳು, ಮೆಲ್ಲಗೆ. ಆಮೇಲೆ ಕಣ್ಣೊರೆಸಿಕೊಂಡು, "ಹಿಂದೆ ಜನ ಕಾಯ್ತಿದಾರೆ, ಮೇಡಂ."

ಮರುದಿನವೇ ನರ್ಸಮ್ಮ ಬಿಸಿಲಲ್ಲಿ ಖುದ್ದು ನಿಂತು ಒಡೆದ ಪೈಪು ಸರಿಮಾಡಿಸಿದಳು. ಹೆಂಗಸರು ಕೊಡ ಹಿಡಿದು ಬಂದು ಬಾಯ್ತುಂಬ ಹೊಗಳಿದರು. ಅಳಿಯನೂ ಬಂದ, ನೀರು ತುಂಬಿಸಿಕೊಂಡ, ತಲೆತಗ್ಗಿಸಿ ಒಳಹೋದ. ಒಳಗಿನಿಂದ ಮೊಮ್ಮಗಳು ನಗುವುದು ಕೇಳಿಸುತ್ತಿತ್ತು. ಯಾರೂ ಕರೆಯಲಿಲ್ಲ, ಕರೆಯದೆ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ.