ಹೊಕ್ಕುಳಬಳ್ಳಿಯ ಮರ

ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನ ನಮ್ಮ ಹಿತ್ತಲಲ್ಲಿ ಮರ ಇಲ್ಲದವನು ಮನೆಯವನೇ ಅಲ್ಲ. ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿ ಹೂತು, ಮೇಲೊಂದು ಸಸಿ ನೆಡುತ್ತೇವೆ. ಅಮ್ಮನ ಅಜ್ಜಿ ಭಾರತದಿಂದ, ಅಪ್ಪನ ಹಿರಿಯರು ಆಫ್ರಿಕಾದಿಂದ, ಎರಡೂ ಕಡೆಯವರು ಕಬ್ಬಿನ ಗದ್ದೆಗೇ ಬಂದು ಬಿದ್ದವರು. ಈ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಶಾಸ್ತ್ರ. ನನ್ನದು ಮಾವು. ಊರಲ್ಲೇ ಅಂಥ ಹಣ್ಣಿಲ್ಲ. ಜಂಬ ಅನ್ನುವವರು ಅನ್ನಲಿ.

ಹೋದ ಜೂನ್‌ನಲ್ಲಿ ತಮ್ಮನ ಮಗಳು ಮೈಲಿಸ್ ಮೊದಲ ಸಲ ಬಂದಳು. ಪ್ಯಾರಿಸ್‌ನಲ್ಲೇ ಹುಟ್ಟಿ ಬೆಳೆದವಳು. ಕೊಲೊಂಬೊ ಎಂಬ ನಮ್ಮ ಮೇಕೆಮಾಂಸದ ಸಾರಿನ ಖಾರಕ್ಕೆ ಕಣ್ಣು ಮೂಗು ಒರೆಸಿಕೊಂಡಾಗ ನನ್ನ ಮಕ್ಕಳು, "ಪ್ಯಾರಿಸ್ ಮೇಡಂಗೆ ನೀರು ಕೊಡ್ರೋ!" ಎಂದು ನಕ್ಕರು. ಅವಳೂ ನಕ್ಕಳು. ಆಮೇಲೆ ಹಿತ್ತಲಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮರ ತೋರಿಸುತ್ತಿದ್ದಾಗ ಮೆಲ್ಲಗೆ ನನ್ನಮ್ಮನನ್ನು ಕೇಳಿದಳು, "ಅಜ್ಜಿ, ನಂದು ಯಾವುದು?"

ಎಲ್ಲರೂ ನೆಲ ನೋಡಿದರು. ಅಮ್ಮ ಮಾತ್ರ ಕೋಲೆತ್ತಿ ನನ್ನ ಮರವನ್ನೇ ತೋರಿಸಿದಳು. "ಅದೇ ಕಣೇ, ನಿಂದು."

ನನ್ನ ಮೈ ಉರಿದುಹೋಯಿತು. ಆದರೂ ಮುದುಕಿಯ ಎದುರು ಬಾಯಿ ಬಿಡಲಿಲ್ಲ. ಆ ಹುಡುಗಿಯೋ ದಿನಾ ಬೆಳಿಗ್ಗೆ ಮರವನ್ನು ಮಾತಾಡಿಸಿ, ಹಣ್ಣು ಆರಿಸಿ, ನೆರೆಮನೆಗೆಲ್ಲ "ನನ್ನ ಮರದ್ದು" ಎಂದು ಹಂಚತೊಡಗಿದಳು. ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಮತ್ತೆ ಬುಟ್ಟಿ ತುಂಬಿದೆ. ತಡೆಯಲಾಗಲಿಲ್ಲ.

"ಸಾಕು, ಇಳಿಸು! ಅದು ನನ್ನ ಮರ. ನೀನು ಹುಟ್ಟಿದ್ದು ಪ್ಯಾರಿಸ್ ಆಸ್ಪತ್ರೇಲಿ. ನಿಂದು ಅಂತ ಇಲ್ಲೇನೂ ಇಲ್ಲ."

ಅಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಮೈಲಿಸ್ ಬುಟ್ಟಿ ಕೆಳಗಿಟ್ಟಳು. "ಗೊತ್ತು ದೊಡ್ಡಪ್ಪ. ಅಜ್ಜಿ ಸುಳ್ಳು ಹೇಳಿದ್ದು ಅವತ್ತೇ ಗೊತ್ತಾಯ್ತು. ಆದ್ರೂ ನಿಜ ಆಗಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು, ಅಷ್ಟೇ."

"ಯಾರೇ ಅದು ಸುಳ್ಳು ಅಂದಿದ್ದು?" ಅಡುಗೆಮನೆ ಕಿಟಕಿಯಿಂದ ಅಮ್ಮ ಗದರಿದಳು. "ಲೋ ಫುಲ್ಬೆರ್, ನಿನ್ನ ಬಳ್ಳಿ ಅಲ್ಲಿ ಹೂತಿದ್ದು ನೀನು ಕಣ್ಣಾರೆ ಕಂಡಿದ್ದೀಯೇನೋ?"

"ನೀನೇ ಹೇಳಿದ್ದಲ್ಲಮ್ಮಾ!"

"ಹ್ಞಾಂ. ಅವಳಿಗೂ ನಾನೇ ಹೇಳಿದ್ದು."

ನಾನು ಅರವತ್ತು ವರ್ಷ ಮೆರೆದದ್ದಕ್ಕೆಲ್ಲ ಅಮ್ಮನ ಮಾತೊಂದೇ ಸಾಕ್ಷಿ. ಮೈಲಿಸ್ ಅಳುತ್ತಲೇ ನಗುತ್ತಿದ್ದಳು. ಆ ಹುಡುಗಿಯ ಮೇಲೆ ಆಗ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ! "ಬಿದ್ದದ್ದನ್ನ ಯಾಕೆ ಆರಿಸ್ತೀಯ, ಹುಳ ಇರತ್ತೆ," ಎಂದು ಗೊಣಗುತ್ತ ಏಣಿ ತಂದು ನಮ್ಮ ಮರಕ್ಕೆ ಒರಗಿಸಿದೆ.